ಡಿಜೆ ಪೆಟ್ಟಿಗೆಯಲ್ಲಿ ಅಂಕಿತವಿಲ್ಲದ ಹಾಡುಗಳು

ಉದಕಮಂಡಲದಿಂದ ಮಸಿನಗುಡಿಗೆ ಇಳಿಯುವ ಸೀಗೂರು ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಆ ದಾರಿಯಲ್ಲಿ ಊಟಿಯಿಂದ ಸುಮಾರು 13 ಕಿ.ಮೀ. ದೂರದಲ್ಲಿ ಸಿಗುವ ಊರು ಕಲ್ಲಟ್ಟಿ. ನೀಲಗಿರಿಯ ಬಡಗ ಸಮುದಾಯದ ಮಾತಿನಲ್ಲಿ ಊರಿಗೆ ಹಟ್ಟಿ ಎನ್ನುತ್ತಾರೆ; ಕನ್ನಡ ಕಿವಿಗೂ ಆ ಹಟ್ಟಿ ಹೆಸರಿನ ಬಾಲದಲ್ಲಿ ಕೇಳಿಸುತ್ತದೆ. ಆದರೆ ಬರವಣಿಗೆಗೆ ಬಂದಾಗ ಒಬ್ಬರು ಹಕಾರ ಇಟ್ಟು ಕಲ್ಹಟ್ಟಿ ಎನ್ನುತ್ತಾರೆ, ಇನ್ನೊಬ್ಬರು ಹಕಾರ ಬಿಟ್ಟು ಕಲ್ಲಟ್ಟಿ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಂತೂ ಫಲಕಕ್ಕೊಂದು ಕಾಗುಣಿತ. ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿ ಬಳಿ ಕಲ್ಲತ್ತಿಗಿರಿ ಇದೆ, ಅದನ್ನೂ ಬಹಳ ಮಂದಿ ಕಲ್ಹಟ್ಟಿ ಎಂದೇ ಬರೆಯುತ್ತಾರೆ. ಅಲ್ಲೂ ಜಲಪಾತ, ಇಲ್ಲೂ ಜಲಪಾತ. ಹಾಡಿನ ಫೈಲೊಂದರ ಮೇಲೆ ‘ಕಲ್ಹಟ್ಟಿ’ ಎಂದಷ್ಟೇ ಬರೆದಿದ್ದರೆ ಅದು ನೀಲಗಿರಿಯದೋ ಬಾಬಾಬುಡನ್‌ಗಿರಿ ಸಾಲಿನದೋ ಹೇಳುವಂತಿಲ್ಲ. ನೆಲದ ಮೇಲೆ ಅಲುಗಾಡದೆ ನಿಂತ ಊರಿನ ಹೆಸರೇ ಹೀಗೆ ಜಾರುವುದಾದರೆ, ಫೋನಿನಿಂದ ಫೋನಿಗೆ ಹಾರುವ ಹಾಡಿನ ಹೆಸರು ಎಷ್ಟು ದಿನ ಉಳಿದೀತು?

ಇಂದು ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಗ್ರಂಥಪಾಲಕರೂ ಅಲ್ಲ, ವಿಶ್ವವಿದ್ಯಾಲಯದ ಜಾನಪದ ವಿಭಾಗವೂ ಅಲ್ಲ. ಮದುವೆಯ ಆರತಕ್ಷತೆ, ಊರ ಹಬ್ಬ, ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಹಾಡು ಹಾಕುವ ಡಿಜೆಗಳು. ಬಡಗ, ತಮಿಳು, ಕನ್ನಡ, ಮಲಯಾಳ ನಾಲ್ಕೂ ಒಂದೇ ಸಂಜೆಗೆ ಬೇಕಾಗುವ ನೀಲಗಿರಿಯಂಥ ಕಡೆ ಅವರ ಹಾರ್ಡ್‌ಡಿಸ್ಕಿನಲ್ಲಿ ಸಾವಿರಾರು ಹಾಡುಗಳು ಸೇರಿಕೊಳ್ಳುತ್ತವೆ. ಒಂದು ಹಾಡು ಮುಗಿಯುವುದರೊಳಗೆ ಮುಂದಿನದು ಸಿಗಬೇಕು. ಹಾಗಾಗಿ ಅವರು ಮೊದಲು ತುಂಬುವ ಟ್ಯಾಗ್ ಎಂದರೆ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬಡಿತ ಎಂಬ ಲೆಕ್ಕ. ಆಮೇಲೆ ಕೀ, ಅಂದರೆ ಶ್ರುತಿ. ಆಮೇಲೆ ನಕ್ಷತ್ರ ಗುರುತು. ಉಳಿದ ಖಾನೆಗಳು ಹೇಗೆ ಬಂದವೋ ಹಾಗೆ. ಹಾಡಿದವರ ಹೆಸರಿರಬೇಕಾದ ಕಡೆ ಪುಕ್ಕಟೆ ಡೌನ್‌ಲೋಡ್ ತಾಣದ ವಿಳಾಸ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಹಾಡಿಗೆ ಬಂದ ತಾರೀಖೇ ಹೆಸರು. ‘ಟ್ರ್ಯಾಕ್ 01’ ಎಂಬ ಹೆಸರಿನ ಹಾಡುಗಳು ಲೆಕ್ಕಕ್ಕೇ ಸಿಗುವುದಿಲ್ಲ. ನನ್ನ ವಾದ ಇಷ್ಟೇ: ಈ ಕ್ರಮ ತಲೆಕೆಳಗಾಗಿದೆ. ಹಾಡಿದವರು ಯಾರು, ಬರೆದವರು ಯಾರು, ಯಾವ ಭಾಷೆ, ಯಾವ ಊರು ಎಂಬುದು ಮೊದಲು ತುಂಬಬೇಕಾದ ಖಾನೆ. ಸಣ್ಣ ಭಾಷೆಯ ಹಾಡಿನ ಮಟ್ಟಿಗಂತೂ ಅದನ್ನು ಖಾಲಿ ಬಿಡುವುದು ಬರೀ ಸೋಮಾರಿತನವಲ್ಲ, ಹಾಡನ್ನು ಅನಾಥ ಮಾಡುವ ಕೆಲಸ.

ಹೆಸರನ್ನು ಹಾಡಿನ ಹೊರಗಿಟ್ಟರೆ ಕಳೆದುಹೋಗುತ್ತದೆ ಎಂಬ ತಿಳಿವಳಿಕೆ ಕನ್ನಡಕ್ಕೆ ಹೊಸದಲ್ಲ. 12ನೇ ಶತಮಾನದ ವಚನಕಾರರು ತಮ್ಮ ಗುರುತನ್ನು ವಚನದೊಳಗೇ ಕಟ್ಟಿದರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ದಾಸರು ಅದನ್ನೇ ಮುಂದುವರಿಸಿದರು. ಪುರಂದರ ವಿಠಲ ಎಂಬ ಅಂಕಿತ ಕೇಳಿದರೆ ಸಾಕು, ಓಲೆಗರಿ ನೋಡದವರಿಗೂ ಕೃತಿ ಯಾರದೆಂದು ಗೊತ್ತಾಗುತ್ತದೆ. ಬಾಯಿಂದ ಬಾಯಿಗೆ ಶತಮಾನಗಳ ಕಾಲ ನಡೆದು ಬಂದರೂ ಕರ್ತೃವಿನ ಹೆಸರು ಉಳಿದದ್ದು ಅದು ಕೊನೆಯ ಸಾಲಿನಲ್ಲಿ ಕೂತಿದ್ದರಿಂದ. ಗ್ರಾಮಫೋನ್ ಬಂದಾಗಲೂ ಇದೇ ಉಪಾಯ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಮುದ್ರಿಕೆಯ ತಟ್ಟೆ ಒತ್ತುವ ಕಾರ್ಖಾನೆ ಜರ್ಮನಿಯ ಹ್ಯಾನೋವರಿನಲ್ಲಿತ್ತು. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾವ ಚೀಟಿ ಅಂಟಿಸಬೇಕೆಂದು ತಿಳಿಯಬೇಕಲ್ಲ! ಮೈಸೂರು ಅರಮನೆಯ ಆಸ್ಥಾನ ಕಲಾವಿದೆಯಾಗಿ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆ ಗಾಯಕಿಯ ಹೆಸರು ಇಂದಿಗೂ ಆಕೆಯ ದನಿಯಲ್ಲೇ ನಮಗೆ ಕೇಳಿಸುತ್ತದೆ. 1996ರಲ್ಲಿ ಎಂಪಿ3 ಫೈಲಿಗೆ ಐಡಿ3 ಎಂಬ ಟ್ಯಾಗ್ ಪದ್ಧತಿ ಹುಟ್ಟಿದಾಗ ಅದನ್ನು ಇಟ್ಟದ್ದೆಲ್ಲಿ? ಫೈಲಿನ ಕಟ್ಟಕಡೆಯ 128 ಬೈಟ್‌ಗಳಲ್ಲಿ. ಅಂಕಿತ ಇರುವ ಜಾಗದಲ್ಲೇ! ಫೈಲಿನ ಹೆಸರು ಯಾರು ಬೇಕಾದರೂ ಬದಲಿಸಬಹುದಾದ ಹೊರಗಿನ ಚೀಟಿ. ಟ್ಯಾಗ್ ಒಳಗಿನ ಅಂಕಿತ. ವಾಟ್ಸ್‌ಆ್ಯಪ್ ಚೀಟಿ ಹರಿದರೂ ಒಳಗೆ ಬರೆದದ್ದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಆದರೆ ಆ ಮೊದಲ ಅಂಕಿತ ನಮ್ಮ ಅಳತೆಗೆ ಹೊಲಿದದ್ದಾಗಿರಲಿಲ್ಲ. ಹಾಡಿನ ಹೆಸರಿಗೆ 30 ಬೈಟ್, ಹಾಡಿದವರಿಗೆ 30, ಆಲ್ಬಮ್ಮಿಗೆ 30, ಇಸವಿಗೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ 1. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರ, ಗುಣಿತ ಚಿಹ್ನೆ, ಹಲಂತ ಚಿಹ್ನೆ ಒಂದೊಂದಕ್ಕೂ 3 ಬೈಟ್ ಬೇಕು. ‘ಕಲ್ಲಟ್ಟಿ’ ಬರೆದರೆ 24 ಬೈಟ್ ಮುಗಿಯಿತು. ಬಡಗರ ದೊಡ್ಡ ಹಬ್ಬವಾದ ‘ಹೆತ್ತೆ ಹಬ್ಬ’ ಬರೆಯಲು 31 ಬೈಟ್ ಬೇಕು. ಒಂದೇ ಒಂದು ಬೈಟಿಗಾಗಿ ಹಬ್ಬದ ಹೆಸರು ಪೂರ್ತಿ ಹಿಡಿಸುವುದಿಲ್ಲ. ಪ್ರಕಾರಗಳ ಮೊದಲ ಪಟ್ಟಿಯಲ್ಲಿ 80 ಹೆಸರುಗಳಿದ್ದವು. ಯೂರೋಪಿನ ಪೋಲ್ಕಾ ಕುಣಿತಕ್ಕೆ ಅಲ್ಲಿ ಸ್ವಂತ ಜಾಗವಿತ್ತು. ಭಾರತದ ಯಾವ ಸಂಗೀತಕ್ಕೂ ಇರಲಿಲ್ಲ. ಹಿಂದೂಸ್ತಾನಿ, ಕರ್ನಾಟಕಿ, ಬಡಗ ಹಾಡು, ಯಕ್ಷಗಾನ ಎಲ್ಲವನ್ನೂ ‘ಎತ್ನಿಕ್’ ಅಥವಾ ‘ಅದರ್’ ಎಂಬ ಗೋಣಿಚೀಲಕ್ಕೆ ತುರುಕಬೇಕಿತ್ತು. 1998ರಲ್ಲಿ ಬಂದ ಎರಡನೇ ಆವೃತ್ತಿ ಈ ಗೋಡೆಗಳನ್ನು ಒಡೆಯಿತು. ಹೆಸರಿನ ಉದ್ದಕ್ಕೆ ಮಿತಿ ಹೋಯಿತು, ಯೂನಿಕೋಡ್ ಬಂತು, ಪ್ರಕಾರವನ್ನು ನಮ್ಮದೇ ಪದದಲ್ಲಿ ಬರೆಯಬಹುದಾಯಿತು, ಸಾಹಿತ್ಯ ಬರೆದವರಿಗೂ ಸಂಗೀತ ಸಂಯೋಜಿಸಿದವರಿಗೂ ಬೇರೆ ಬೇರೆ ಖಾನೆ ಸಿಕ್ಕಿತು, ಭಾಷೆಗೂ ಒಂದು ಖಾನೆ ಸಿಕ್ಕಿತು. ಕನ್ನಡಕ್ಕೆ ‘ಕೆಎಎನ್’ ಎಂಬ ಮೂರಕ್ಷರದ ಸಂಕೇತ. ಟ್ಯಾಗ್ ನಿಯಮ ಒಪ್ಪಿದ ಭಾಷಾ ಸಂಕೇತಗಳ ಪಟ್ಟಿಯಲ್ಲಿ ಬಡಗಕ್ಕೆ ಸ್ವಂತ ಸಂಕೇತ ಇಲ್ಲ, ಇತರ ದ್ರಾವಿಡ ಭಾಷೆಗಳ ಗುಂಪಿಗೇ ಅದು ಸೇರಬೇಕು. ಆದರೆ ಇನ್ನೂ ವಿಸ್ತಾರವಾದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ‘ಬಿಎಫ್‌ಕ್ಯೂ’ ಎಂಬ ಸಂಕೇತ ಇದೆ, ಅದನ್ನು ಬರೆದರೆ ಹೆಚ್ಚಿನ ತಂತ್ರಾಂಶಗಳು ಬೇಡವೆನ್ನುವುದಿಲ್ಲ. ಯಂತ್ರ ಬಿಡಲಿಲ್ಲ ಎಂಬ ನೆಪ ಮುಗಿದು ಕಾಲು ಶತಮಾನವೇ ಆಯಿತು.

ಉಳಿದಿರುವುದು ಲಿಪಿಯ ಸಮಸ್ಯೆ. ಬಡಗ ಭಾಷೆಗೆ ಬಳಕೆಯಲ್ಲಿ ನೆಲೆನಿಂತ ಸ್ವಂತ ಲಿಪಿ ಇಲ್ಲ. ತಮಿಳುನಾಡಿನಲ್ಲಿ ಓದಿದವರು ತಮಿಳಿನಲ್ಲಿ ಬರೆಯುತ್ತಾರೆ, ಫೋನಿನಲ್ಲಿ ಇಂಗ್ಲಿಷ್ ಅಕ್ಷರ. ತಮಿಳು ಲಿಪಿಯಲ್ಲಿ ಪ-ಬ, ಟ-ಡ, ಕ-ಗಗಳಿಗೆ ಒಂದೊಂದೇ ಅಕ್ಷರ. ‘ಬಡಗ’ ಎಂದು ಬರೆದದ್ದನ್ನು ಗೊತ್ತಿಲ್ಲದವರು ‘ಪಡಗ’ ಎಂದೂ ಓದಬಹುದು. ಕನ್ನಡ ಲಿಪಿ ಇದಕ್ಕಿಂತ ಹತ್ತಿರದ್ದು, ಆದರೂ ಪೂರ್ತಿ ಸಾಲದು. ನಾಲಗೆ ಮಡಿಸಿ ಉಚ್ಚರಿಸುವ ವಿಶಿಷ್ಟ ಸ್ವರಗಳು ಬಡಗದಲ್ಲಿವೆ ಎಂದು ಭಾಷಾವಿಜ್ಞಾನಿ ಎಂ.ಬಿ. ಎಮೆನೋ 1939ರಲ್ಲೇ ವಿವರಿಸಿದ್ದರು. ಆ ಸ್ವರಗಳಿಗೆ ಕನ್ನಡದಲ್ಲಿ ಚಿಹ್ನೆ ಇಲ್ಲ. ಇಂಗ್ಲಿಷ್ ಅಕ್ಷರಗಳಲ್ಲಂತೂ ಹೆತ್ತೆಯ ಒತ್ತಕ್ಷರಕ್ಕೆ ಎಷ್ಟು ‘ಟಿ’, ಎಷ್ಟು ‘ಎಚ್’ ಎಂಬುದು ಬರೆಯುವವರ ಕೈಗೆ ಬಿಟ್ಟದ್ದು. ಕನ್ನಡ ಹಾಡುಗಳ ಪಾಡೂ ಬೇರೆಯಲ್ಲ. ಸಿ. ಅಶ್ವತ್ಥ್ ಅವರ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆದಿಟ್ಟರೆ ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಅವರು ನಾಲ್ವರು ಗಾಯಕರು, ಹುಡುಕಿದಾಗ ಸಿಗುವುದು ಕಾಲು ಭಾಗ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಹೆಸರಿನ ಖಾನೆಯಲ್ಲಿ ಹಾಡುವ ಸಮುದಾಯ ಬಳಸುವ ಲಿಪಿ ಇರಲಿ, ಟಿಪ್ಪಣಿಯ ಖಾನೆಯಲ್ಲಿ ಒಂದೇ ಬಗೆಯ ಇಂಗ್ಲಿಷ್ ಕಾಗುಣಿತ ಇರಲಿ. ಯಾವ ಕಾಗುಣಿತ ಎಂಬುದಕ್ಕಿಂತ ಎಲ್ಲ ಕಡೆ ಅದೇ ಕಾಗುಣಿತ ಎಂಬುದು ಮುಖ್ಯ.

ಇನ್ನು ‘ಆರ್ಟಿಸ್ಟ್’ ಎಂಬ ಒಂದೇ ಖಾನೆಯ ಹಿಂದಿರುವ ನಂಬಿಕೆಯನ್ನು ನೋಡಬೇಕು. ಹಾಡಿಗೆ ಒಡೆಯರು ಒಬ್ಬರೇ, ಹಾಡುವವರೇ ಅವರು ಎಂಬುದು ಆ ನಂಬಿಕೆ. ಕನ್ನಡ ಸುಗಮ ಸಂಗೀತ ಹಾಗೆ ಬೆಳೆದದ್ದಲ್ಲ. 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದಾಗ ಕೆ.ಎಸ್. ನಿಸಾರ್ ಅಹಮದ್ ಎಂಬ ಕವಿಯ ಹೆಸರೂ ಮೈಸೂರು ಅನಂತಸ್ವಾಮಿ ಎಂಬ ಸಂಯೋಜಕರ ಹೆಸರೂ ಜೊತೆಜೊತೆಯಾಗಿ ಮನೆಮನೆಗೆ ಹೋದವು. ಆಕಾಶವಾಣಿಯ ಉದ್ಘೋಷಕರು ಪ್ರತಿ ಹಾಡಿಗೂ ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಹೇಳುತ್ತಿದ್ದ ಪದ್ಧತಿಯೇ ಒಂದು ತಲೆಮಾರಿಗೆ ಕವಿಗಳ ಹೆಸರು ಕಲಿಸಿತು. ನೀಲಗಿರಿಯಲ್ಲಿ ಈ ಪ್ರಶ್ನೆ ಇನ್ನೂ ಆಳಕ್ಕೆ ಹೋಗುತ್ತದೆ. ಬಡಗರ ಹಬ್ಬ ಮತ್ತು ಸಾವಿನ ವಿಧಿಗಳಿಗೆ ಹಿಂದೆ ವಾದ್ಯ ನುಡಿಸುತ್ತಿದ್ದವರು ನೀಲಗಿರಿಯದೇ ಇನ್ನೊಂದು ಸಮುದಾಯವಾದ ಕೋತರು; 20ನೇ ಶತಮಾನದಲ್ಲಿ ಆ ನಂಟು ಸಡಿಲವಾಯಿತು. ಅಂಥ ವಾದ್ಯದ ಧ್ವನಿಮುದ್ರಿಕೆಗೆ ‘ಬಡಗ ಜಾನಪದ’ ಎಂಬ ಒಂದೇ ಟ್ಯಾಗ್ ಹಾಕಿದರೆ ಕುಣಿದವರು ಉಳಿಯುತ್ತಾರೆ, ನುಡಿಸಿದವರು ಅಳಿಯುತ್ತಾರೆ. ಇತಿಹಾಸದಲ್ಲಿ ಒಮ್ಮೆ ಅಂಗಳದ ಹೊರಗೆ ನಿಂತವರನ್ನು ಫೈಲಿನಲ್ಲೂ ಹೊರಗೆ ನಿಲ್ಲಿಸಿದಂತಾಗುತ್ತದೆ. ಜಾನಪದಕ್ಕೆ ಕರ್ತೃ ಇಲ್ಲ, ನಿಜ. ಆದರೆ ಈ ಮುದ್ರಿಕೆಯಲ್ಲಿ ಹಾಡಿದ, ನುಡಿಸಿದ ಮನುಷ್ಯರಿದ್ದಾರೆ. ಕರ್ತೃವಿನ ಖಾನೆ ಖಾಲಿ ಬಿಡಬಹುದು, ಹಾಡಿದವರ ಖಾನೆಯನ್ನು ಬಿಡುವಂತಿಲ್ಲ.

ಇಲ್ಲಿಗೆ ಡಿಜೆಗಳ ಮೊದಲ ಆಕ್ಷೇಪ ಏಳುತ್ತದೆ: ನಮ್ಮ ಕೆಲಸ ಜನರನ್ನು ಕುಣಿಸುವುದು, ದಾಖಲೆ ಇಡುವುದಲ್ಲ; ರಾತ್ರಿ ಹನ್ನೊಂದಕ್ಕೆ ವೇದಿಕೆ ಮೇಲೆ ಕವಿಯ ಹೆಸರಿಂದ ಏನಾಗಬೇಕು? ಮಾತಿನಲ್ಲಿ ಹುರುಳಿದೆ. ಬಿಪಿಎಂ ತಪ್ಪಿದರೆ ಅಂದೇ ಮರ್ಯಾದೆ ಹೋಗುತ್ತದೆ, ಕವಿಯ ಹೆಸರು ತಪ್ಪಿದರೆ ಕೇಳುವವರಿಲ್ಲ. ಆದರೆ ಈ ಎರಡು ಮಾಹಿತಿಗಳ ಸ್ವಭಾವ ನೋಡಿ. ಬಡಿತದ ಲೆಕ್ಕ ಧ್ವನಿಯೊಳಗೇ ಇದೆ. ಇಂದು ಅಳಿಸಿಹೋದರೆ ನಾಳೆ ರೆಕಾರ್ಡ್‌ಬಾಕ್ಸ್, ಸೆರಾಟೊ, ಮಿಕ್ಸ್ ಯಾವುದೇ ತಂತ್ರಾಂಶ ಅದನ್ನು ಅರೆಕ್ಷಣದಲ್ಲಿ ಮತ್ತೆ ಎಣಿಸಿಕೊಡುತ್ತದೆ. 70 ಇದ್ದದ್ದನ್ನು 140 ಎಂದು ಎಣಿಸೀತು, ಮೂರರ ನಡೆಯ ಹಾಡನ್ನು ನಾಲ್ಕರ ನಡೆಗೆ ಎಳೆದೀತು. ಕಿವಿ ಇದ್ದವರು ತಿದ್ದಬಹುದು. ಹಾಡಿದವರ ಹೆಸರು ಧ್ವನಿಯೊಳಗಿಲ್ಲ. ಗೊತ್ತಿದ್ದವರ ತಲೆಯಲ್ಲಿದೆ, ಅವರೊಂದಿಗೇ ಹೋಗುತ್ತದೆ. ಯಾವಾಗ ಬೇಕಾದರೂ ಮರಳಿ ಸಿಗುವುದನ್ನು ಜೋಪಾನ ಮಾಡಿ, ಒಮ್ಮೆ ಹೋದರೆ ಬಾರದ್ದನ್ನು ಬೀದಿಗೆ ಬಿಡುವುದು ಜಾಣ ಸಂಸಾರಸ್ಥರ ಲಕ್ಷಣವಲ್ಲ. ವೃತ್ತಿಗೂ ಇದರಿಂದ ಲಾಭವೇ. ‘ನಮ್ಮ ಕಡೆಯ ಹಾಡು ಹಾಕಿ’ ಎಂದು ವೇದಿಕೆಗೆ ಬಂದು ಕೇಳುವವರು ಬಿಪಿಎಂ ಹೇಳುವುದಿಲ್ಲ. ಭಾಷೆ ಹೇಳುತ್ತಾರೆ, ಊರು ಹೇಳುತ್ತಾರೆ, ಹಾಡಿದವರ ಹೆಸರು ಹೇಳುತ್ತಾರೆ. ಕೆಲಸ ಎಷ್ಟು ಎಂದರೆ, ಹಾಡು ಪೆಟ್ಟಿಗೆಗೆ ಬಂದ ದಿನವೇ ಹಾಡೊಂದಕ್ಕೆ ಒಂದು ನಿಮಿಷ. ಐದು ವರ್ಷ ಬಿಟ್ಟು ಕೂತರೆ ಮಾತ್ರ ಅದು ಬೆಟ್ಟ.

ಎರಡನೇ ಆಕ್ಷೇಪ ಹೊಸ ಕಾಲದ್ದು. ಹಾಡು ಕೇಳಿಸಿದರೆ ಹೆಸರು ಹೇಳುವ ಶಝಾಮ್ ಇದೆ, ದೊಡ್ಡ ಸ್ಟ್ರೀಮಿಂಗ್ ಕಂಪನಿಗಳಿವೆ, ನಾಳೆ ಕೃತಕ ಬುದ್ಧಿಮತ್ತೆ ಎಲ್ಲವನ್ನೂ ತುಂಬುತ್ತದೆ, ಕೈಯಿಂದ ಏಕೆ ತುಂಬಬೇಕು? ಇಂಥ ಯಂತ್ರಗಳು ಕೇಳಿದ ಧ್ವನಿಯನ್ನು ತಮ್ಮ ಭಂಡಾರದಲ್ಲಿರುವ ಧ್ವನಿಯೊಂದಿಗೆ ಹೋಲಿಸಿ ಹೆಸರು ಹೇಳುತ್ತವೆ. ಭಂಡಾರಕ್ಕೆ ಸೇರದ ಹಾಡಿಗೆ ಅವು ಮೂಕ. ಚಿಕ್ಕ ಊರಿನ ಸ್ಟುಡಿಯೊದಲ್ಲಿ ಮುದ್ರಣವಾಗಿ ಕ್ಯಾಸೆಟ್ಟಿನಿಂದ ಪೆನ್‌ಡ್ರೈವಿಗೆ ಇಳಿದ ಹಾಡನ್ನು ಯಾರೋ ಮನುಷ್ಯರು ಮೊದಲು ಹೆಸರಿಟ್ಟು ಒಳಗೆ ಸೇರಿಸದಿದ್ದರೆ ಯಂತ್ರಕ್ಕೆ ಅದು ಗೊತ್ತಾಗುವ ದಾರಿಯೇ ಇಲ್ಲ. ಹಾಗೆ ಸೇರಿಸಿದ್ದು ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದಕ್ಕೂ ಒಂದು ಪಾಠ ಇದೆ. 1990ರ ದಶಕದಲ್ಲಿ ಸಿಡಿಗಳ ಹಾಡುಪಟ್ಟಿಯನ್ನು ಲೋಕದ ತುಂಬ ಬಳಕೆದಾರರೇ ಪುಕ್ಕಟೆಯಾಗಿ ಟೈಪ್ ಮಾಡಿ ಸಿಡಿಡಿಬಿ ಎಂಬ ಕೋಶ ಕಟ್ಟಿದರು. ಅದು ಮುಂದೆ ಗ್ರೇಸ್‌ನೋಟ್ ಕಂಪನಿಯಾಗಿ, 2008ರಲ್ಲಿ ಸೋನಿಯ ಪಾಲಾಯಿತು. ಅದಕ್ಕೆ ಎದುರಾಗಿ ಹುಟ್ಟಿದ ಮ್ಯೂಸಿಕ್‌ಬ್ರೇನ್ಜ್ ಎಂಬ ಮುಕ್ತ ಕೋಶ ಇಂದಿಗೂ ಎಲ್ಲರಿಗೂ ತೆರೆದಿದೆ. ಹೀಗಾಗಿ ಹೆಸರುಗಳನ್ನು ತಂತ್ರಾಂಶದ ಸ್ವಂತ ಪಟ್ಟಿಯಲ್ಲಷ್ಟೇ ಇಡದೆ ಫೈಲಿನೊಳಗೇ ಬರೆಯಬೇಕು, ಸಾಧ್ಯವಾದರೆ ಮುಕ್ತ ಕೋಶಕ್ಕೂ ಕೊಡಬೇಕು. ತಂತ್ರಾಂಶ ಬದಲಾದಾಗ ಅದರ ಪಟ್ಟಿ ಹಿಂದೆಯೇ ಉಳಿಯುತ್ತದೆ, ಫೈಲು ಮಾತ್ರ ಜೊತೆಗೆ ಬರುತ್ತದೆ.

ಮೂರನೆಯದು ನಿಜಕ್ಕೂ ಸೂಕ್ಷ್ಮವಾದ ಆಕ್ಷೇಪ, ಕನ್ನಡ ಓದುಗರು ತಮ್ಮನ್ನೇ ಕೇಳಿಕೊಳ್ಳಬೇಕಾದದ್ದು. ಬಡಗ ಕನ್ನಡದ ಉಪಭಾಷೆಯಲ್ಲವೇ, ಬೇರೆ ಖಾನೆ ಮಾಡಿ ಒಡೆಯುವುದೇಕೆ? ಬಡಗ ಎಂಬ ಹೆಸರೇ ಬಡಗಣ ದಿಕ್ಕಿನಿಂದ, ಮೈಸೂರ ಸೀಮೆಯಿಂದ ಬಂದವರು ಎಂದು ಹೇಳುತ್ತದೆ. ಮಾತಿನ ನಂಟು ಕಿವಿಗೇ ಸಾಕ್ಷಿ. ಕೇಂದ್ರ ಸರ್ಕಾರದ ಜನಗಣತಿಯೂ 2011ರಲ್ಲಿ ಬಡಗ ಎಂದು ಬರೆಸಿದ ಸುಮಾರು 1.3 ಲಕ್ಷ ಜನರನ್ನು ಕನ್ನಡದ 4.37 ಕೋಟಿಯೊಳಗೇ ಸೇರಿಸಿದೆ. ಅದೂ ಒಂದು ಫೋಲ್ಡರೇ! ಆದರೆ ಅದೇ ಜನಗಣತಿ ಕನ್ನಡ ಎಂಬ ತಲೆಬರಹದ ಕೆಳಗೆ ಬಡಗವನ್ನು ಬೇರೆ ಸಾಲಿನಲ್ಲಿ ಎಣಿಸಿದೆ ಎಂಬುದನ್ನು ಮರೆಯಬಾರದು. ಆ ಸಾಲು ಇಲ್ಲದಿದ್ದರೆ 1.3 ಲಕ್ಷ ಜನ 4.37 ಕೋಟಿಯಲ್ಲಿ ಉಪ್ಪಿನಂತೆ ಕರಗುತ್ತಿದ್ದರು. 1992ರಲ್ಲಿ ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ತಿಯಾನ್ ಪಿಲೊ-ರೆಚೂರ್ ಹೊರತಂದ ಬಡಗ-ಇಂಗ್ಲಿಷ್ ನಿಘಂಟು ಆ ಭಾಷೆಗೆ ಸ್ವಂತ ಪದಕೋಶ ಬೇಕಾಗುವಷ್ಟು ಸಂಪತ್ತು ಇದೆ ಎಂದು ತೋರಿಸಿತು. ನಂಟು ಇರುವುದಕ್ಕೂ ಗುರುತು ಅಳಿಸುವುದಕ್ಕೂ ಸಂಬಂಧವಿಲ್ಲ. ಹಾಡುವವರು ತಮ್ಮ ಭಾಷೆಯನ್ನು ಏನೆಂದು ಕರೆಯುತ್ತಾರೋ ಅದು ಭಾಷೆಯ ಖಾನೆಗೆ ಹೋಗಲಿ. ಕನ್ನಡದ ಬಳಗ ಎಂಬುದನ್ನು ಗುಂಪಿನ ಖಾನೆಯಲ್ಲಿ ಬರೆದರೆ ಹುಡುಕಿದಾಗ ಎರಡೂ ದಾರಿಯಲ್ಲಿ ಹಾಡು ಸಿಗುತ್ತದೆ. ಮರದ ಕಪಾಟಿನಲ್ಲಿ ಒಂದು ಪುಸ್ತಕ ಒಂದೇ ಅರೆಯಲ್ಲಿ ಇರಬೇಕು. ಟ್ಯಾಗಿಗೆ ಆ ಕಟ್ಟುಪಾಡಿಲ್ಲ. ಕಾಸರಗೋಡಿನ ಕನ್ನಡ ಹಾಡನ್ನು ಯಾರಾದರೂ ‘ಮಲಯಾಳ’ ಎಂಬ ಫೋಲ್ಡರಿಗೆ ಹಾಕಿದರೆ ನಮಗೆ ಹೇಗೆ ಚುಚ್ಚುತ್ತದೋ, ಬಡಗ ಹಾಡನ್ನು ಕೇಳದೆ ‘ಕನ್ನಡ’ಕ್ಕೆ ಸೇರಿಸಿದಾಗ ಅವರಿಗೂ ಹಾಗೇ.

ಕೊನೆಯ ಆಕ್ಷೇಪ ನೈತಿಕತೆಯದು. ಡಿಜೆ ಪೆಟ್ಟಿಗೆಯ ಎಷ್ಟೋ ಹಾಡುಗಳು ದುಡ್ಡು ಕೊಟ್ಟು ಕೊಂಡವಲ್ಲ. ಕದ್ದ ಮಾಲಿಗೆ ಚೆಂದದ ಚೀಟಿ ಅಂಟಿಸಿದರೆ ಅದು ಸ್ವಂತದ್ದಾಗುತ್ತದೆಯೇ? ಆಗುವುದಿಲ್ಲ. ಟ್ಯಾಗ್ ಪರವಾನಗಿ ಅಲ್ಲ, ಕೊಂಡು ಹಾಕಬೇಕಾದ ಹಾಡನ್ನು ಕೊಂಡೇ ಹಾಕಬೇಕು. ಆದರೆ ಹೆಸರಿಲ್ಲದ ಫೈಲು ಕಳ್ಳತನವನ್ನು ಕಡಿಮೆ ಮಾಡಿದ್ದಿಲ್ಲ, ಕಳೆದುಕೊಂಡವರನ್ನು ಹುಡುಕುವ ದಾರಿಯನ್ನಷ್ಟೇ ಮುಚ್ಚಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಕೃತಿಯನ್ನು ಮಾರಿದ ಮೇಲೂ ಕರ್ತೃವಿಗೆ ತನ್ನದೆಂದು ಹೇಳಿಕೊಳ್ಳುವ ಹಕ್ಕು ಕೊಟ್ಟಿದೆ. 2012ರ ತಿದ್ದುಪಡಿ ಸಾಹಿತ್ಯ ಬರೆದವರ ಮತ್ತು ಸಂಗೀತ ಕಟ್ಟಿದವರ ರಾಯಲ್ಟಿಯ ಪಾಲನ್ನು ಗಟ್ಟಿ ಮಾಡಿತು. ಸಾಹಿತ್ಯದ ಖಾನೆಯೇ ಖಾಲಿ ಇರುವಾಗ ಆ ಪಾಲು ಯಾರ ಮನೆಗೆ ಹೋಗಬೇಕು? ದೊಡ್ಡ ಸಿನಿಮಾದ ಹಾಡಿಗೆ ಹತ್ತು ಕಡೆ ದಾಖಲೆ ಇರುತ್ತದೆ. ಹಟ್ಟಿಯ ಹಾಡುಗಾರರಿಗೆ ಈ ಫೈಲೇ ದಾಖಲೆ ಆಗಿರಬಹುದು.

ಡಿಜೆಗಳಿಗೆ ನನ್ನ ಕೋರಿಕೆ ಆರು ಖಾನೆಗಳದ್ದು: ಹಾಡಿನ ಹೆಸರು ಹಾಡುವ ಸಮುದಾಯ ಬಳಸುವ ಲಿಪಿಯಲ್ಲಿ, ಹಾಡಿದವರು, ಬರೆದವರು, ಭಾಷೆ, ಊರು ಮತ್ತು ಇಸವಿ. ಗೊತ್ತಿಲ್ಲದ್ದನ್ನು ಊಹಿಸಿ ತುಂಬಬೇಡಿ. ಖಾಲಿ ಖಾನೆಯನ್ನು ನಾಳೆ ಬಲ್ಲವರು ತುಂಬಿಯಾರು, ತಪ್ಪು ಹೆಸರನ್ನು ಯಾರೂ ಅನುಮಾನಿಸುವುದಿಲ್ಲ. ಡಿಜೆ ಕರೆಸುವ ಮನೆಯವರಿಗೂ ಒಂದು ಮಾತು. ಹಾಡುಗಳ ಪಟ್ಟಿ ಕೊಡುವಾಗ ಫೋನಿನಲ್ಲಿದ್ದ ಫೈಲನ್ನು ಹಾಗೇ ದೂಡಬೇಡಿ. ಹಾಡಿದವರು ಯಾರೆಂದು ಮನೆಯ ಹಿರಿಯರನ್ನು ಕೇಳಿ ಒಂದು ಸಾಲು ಬರೆದು ಕಳಿಸಿ. ಮದುವೆ ಮನೆಯಲ್ಲಿ ಅದು ಗೊತ್ತಿರುವ ಅಜ್ಜಿಯೋ ಮಾವನೋ ಒಬ್ಬರು ಇದ್ದೇ ಇರುತ್ತಾರೆ. ಅವರು ಇರುವಾಗಲೇ ಕೇಳಬೇಕು.